ಹಸಿ ಗಾಯಕ್ಕೆ ಕಾಫಿ ಪುಡಿ ಬೇಡ: ಚರ್ಮದ ಕೋಶಗಳ ಕೆಲಸ ತಿಳಿದು ಆರೈಕೆ ಮಾಡಿ

ಈಳಿಗೆ ಮಣೆಯಲ್ಲಿ ಬೆರಳು ಕುಯ್ದುಕೊಂಡರೆ ವಾರದೊಳಗೆ ಮಾಯ್ದು ಹೋಗುತ್ತದೆ. ಬೈಕಿನ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟರೆ ಮಾತ್ರ ಮೂರು ವಾರವಾದರೂ ಹಸಿಯಾಗಿಯೇ ಉಳಿದಿರುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಸಲಹೆಗಳ ಸುರಿಮಳೆ. ಕಾಫಿ ಪುಡಿ ಮೆತ್ತಿ ಎನ್ನುವವರು ಒಬ್ಬರು, ಅರಿಸಿನ ಹಚ್ಚಿ ಎನ್ನುವವರು ಇನ್ನೊಬ್ಬರು. ‘ಕಟ್ಟಬೇಡಿ, ಗಾಳಿಯಾಡಲಿ, ತಾನಾಗಿ ಒಣಗುತ್ತದೆ’ ಎಂದು ಹಿರಿಯರು ಹೇಳುತ್ತಾರೆ. ಮೆಡಿಕಲ್ ಶಾಪಿಗೆ ಹೋದರೆ ಕೇಳುವ ಮೊದಲೇ ಒಂದು ಟ್ಯೂಬ್ ಕೈಗೆ ಬರುತ್ತದೆ. ಯಾರ ಮಾತು ಕೇಳಬೇಕು?

ಗಾಯವನ್ನು ಮಾಯಿಸುವ ಕೆಲಸ ಮಾಡುವುದು ಅದರ ಸುತ್ತಲಿನ ಜೀವಂತ ಕೋಶಗಳು. ಆ ಕೋಶಗಳು ಯಾವಾಗ ಚಲಿಸಬೇಕು, ಯಾವಾಗ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ತಿಳಿಸುವುದು ಸೈಟೊಕೈನ್‌ಗಳೆಂಬ ಚಿಕ್ಕ ಪ್ರೋಟೀನುಗಳು. ನಾವು ಹಚ್ಚುವ, ಸುರಿಯುವ, ಕಟ್ಟುವ ಪ್ರತಿಯೊಂದೂ ಆ ಸೂಚನೆಗಳಿಗೆ ನೆರವಾಗುತ್ತದೆ, ಇಲ್ಲವೇ ಅಡ್ಡಬರುತ್ತದೆ. ಇದು ಮನಸ್ಸಿಗೆ ಬಂದರೆ ಸಲಹೆಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ನೀವೇ ಆರಿಸಬಲ್ಲಿರಿ.

ಸ್ವಲ್ಪ ಹಿನ್ನೆಲೆ. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಎಳೆಯ ಹಂದಿಗಳ ಚರ್ಮದಲ್ಲಿ ಮಾಡಿದ ಗಾಯಗಳಲ್ಲಿ ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ, ಉಳಿದವನ್ನು ಗಾಳಿಗೆ ಬಿಟ್ಟು ನೋಡಿದರು. ಮುಚ್ಚಿಟ್ಟ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹಬ್ಬಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೊಹೆನ್ ಇಲಿಯ ಜೊಲ್ಲುಗ್ರಂಥಿಯಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅದನ್ನು ಚುಚ್ಚಿದ ಇಲಿಮರಿಗಳು ಅವಧಿಗೆ ಮೊದಲೇ ಕಣ್ಣು ಬಿಟ್ಟವು. ರೆಪ್ಪೆಯ ಚರ್ಮದ ಕೋಶಗಳು ಬೇಗ ಬೆಳೆದದ್ದೇ ಅದಕ್ಕೆ ಕಾರಣ. ಆ ಪ್ರೋಟೀನನ್ನು ಇಂದು ಇಜಿಎಫ್ ಎನ್ನುತ್ತೇವೆ. ಈ ಬಗೆಯ ಬೆಳವಣಿಗೆಯ ಅಂಶಗಳನ್ನು ಕಂಡುಹಿಡಿದದ್ದಕ್ಕೆ ಕೊಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಬಂತು.

ಚರ್ಮ ಕುಯ್ದ ಕ್ಷಣದಿಂದ

ಚರ್ಮದ ಮೇಲ್ಪದರದಲ್ಲಿ ಹೆಚ್ಚಿನವು ಕೆರಟಿನೊಸೈಟ್ ಕೋಶಗಳು. ಅವು ಇಂಟರ್‌ಲ್ಯೂಕಿನ್-1 ಎಂಬ ಸೈಟೊಕೈನನ್ನು ಮೊದಲೇ ತಯಾರಿಸಿ ಒಳಗಿಟ್ಟುಕೊಂಡಿರುತ್ತವೆ. ಚಾಕು ತಾಗಿ ಕೋಶ ಒಡೆದ ಕೂಡಲೇ ಅದು ಹೊರಚೆಲ್ಲುತ್ತದೆ. ಮೊದಲ ಎಚ್ಚರಿಕೆ ಅದೇ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅಷ್ಟರಲ್ಲಿ ಪಿಡಿಜಿಎಫ್, ಟಿಜಿಎಫ್-ಬೀಟಾ ಮುಂತಾದ ಬೆಳವಣಿಗೆಯ ಅಂಶಗಳನ್ನು ಬಿಡುಗಡೆ ಮಾಡಿರುತ್ತವೆ. ಹೆಪ್ಪುಗಟ್ಟಿದ ರಕ್ತವೆಂದರೆ ಬರೀ ಮುಚ್ಚಳವಲ್ಲ, ಮುಂದಿನ ಕೆಲಸಕ್ಕೆ ಬೇಕಾದ ಸೂಚನೆಗಳ ಉಗ್ರಾಣವೂ ಹೌದು.

ಮೊದಲ ಒಂದೆರಡು ದಿನ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ಕೊಲ್ಲುತ್ತವೆ. ಅವುಗಳ ಹಿಂದೆಯೇ ಮ್ಯಾಕ್ರೊಫೇಜ್‌ಗಳು ಬಂದು ಸತ್ತ ಕೋಶ, ಕಸ ಎಲ್ಲವನ್ನೂ ನುಂಗುತ್ತವೆ. ಈ ಹಂತದಲ್ಲಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್‌ಗಳು ಹೆಚ್ಚಿರುತ್ತವೆ. ರಕ್ತನಾಳಗಳು ಹಿಗ್ಗಿ ಗಾಯದ ಅಂಚು ಕೆಂಪಾಗುತ್ತದೆ, ಬೆಚ್ಚಗಾಗುತ್ತದೆ, ತುಸು ಊದಿಕೊಂಡು ನೋಯುತ್ತದೆ. ಎರಡನೇ ದಿನ ಇದನ್ನು ಕಂಡು ‘ನಂಜಾಯಿತು’ ಎಂದು ಗಾಬರಿಯಾಗುವವರೇ ಹೆಚ್ಚು. ಅಂಚಿಗಷ್ಟೇ ಸೀಮಿತವಾಗಿ, ದಿನದಿಂದ ದಿನಕ್ಕೆ ತಗ್ಗುವ ಕೆಂಪು, ಕೆಲಸ ನಡೆಯುತ್ತಿರುವುದರ ಗುರುತು. ಕೆಲಸ ಮುಗಿಸಿದ ಮ್ಯಾಕ್ರೊಫೇಜ್‌ಗಳು ಆಮೇಲೆ ತಮ್ಮ ಸ್ವಭಾವವನ್ನೇ ಬದಲಿಸಿಕೊಂಡು, ಉರಿಯೂತವನ್ನು ತಗ್ಗಿಸಿ ಹೊಸ ಅಂಗಾಂಶ ಕಟ್ಟಿಸುವ ಸೂಚನೆ ಕೊಡತೊಡಗುತ್ತವೆ. ಈ ಬದಲಾವಣೆ ಆಗದಿದ್ದರೆ ಗಾಯ ಅಲ್ಲಿಯೇ ನಿಂತುಬಿಡುತ್ತದೆ. ಸಕ್ಕರೆ ಕಾಯಿಲೆಯ ವಿಷಯ ಬಂದಾಗ ಇದನ್ನು ಮತ್ತೆ ನೋಡೋಣ.

ಈಗ ಗಾಯದ ಅಂಚಿಗೆ ಬನ್ನಿ. ಮಾಮೂಲಿ ದಿನಗಳಲ್ಲಿ ಕೆರಟಿನೊಸೈಟ್‌ಗಳು ಪರಸ್ಪರ ಬಿಗಿಯಾಗಿ ಹಿಡಿದುಕೊಂಡು, ಕದಲದೆ ಇರುತ್ತವೆ. ಇಂಟರ್‌ಲ್ಯೂಕಿನ್-1 ಮತ್ತು ಇಜಿಎಫ್ ಬಗೆಯ ಸೂಚನೆ ಸಿಕ್ಕಿದಾಗ ಅಂಚಿನ ಕೋಶಗಳು ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ಮುಂದಕ್ಕೆ ತೆವಳುತ್ತವೆ. ಅವುಗಳ ಹಿಂದಿನ ಸಾಲಿನವು ಒಡೆದು ಹೆಚ್ಚುತ್ತವೆ. ಕೆಳಪದರದ ಫೈಬ್ರೊಬ್ಲಾಸ್ಟ್ ಕೋಶಗಳೂ ಇಂಟರ್‌ಲ್ಯೂಕಿನ್-1ರ ಸುದ್ದಿ ಕೇಳಿ, ಕೆಜಿಎಫ್ ಎಂಬ ಇನ್ನೊಂದು ಪ್ರೋಟೀನು ತಯಾರಿಸಿ ಮೇಲಕ್ಕೆ ಕಳಿಸುತ್ತವೆ. ಅದು ಕೆರಟಿನೊಸೈಟ್‌ಗಳನ್ನು ಮತ್ತಷ್ಟು ಹೆಚ್ಚಿಸುತ್ತದೆ. ಹೀಗೆ ಮೇಲಿನ ಪದರ ಕೆಳಗಿನದಕ್ಕೆ, ಕೆಳಗಿನದು ಮೇಲಿನದಕ್ಕೆ ಹೇಳುತ್ತಲೇ ಇರುತ್ತದೆ.

ಒಂದೇ ಸೈಟೊಕೈನ್ ಎಲ್ಲ ಕೋಶಗಳಿಗೂ ಒಂದೇ ಕೆಲಸ ಹಚ್ಚುವುದಿಲ್ಲ. ಊರಲ್ಲಿ ಡಂಗುರ ಸಾರಿದಾಗ ಕೇಳಿದ ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸಕ್ಕೆ ಹೊರಡುವಂತೆ, ಟಿಜಿಎಫ್-ಬೀಟಾ ಬಂದಾಗ ಕೆರಟಿನೊಸೈಟ್ ಒಡೆಯುವುದನ್ನು ನಿಧಾನಿಸಿ ಚಲಿಸುವುದಕ್ಕೆ ಒಲಿಯುತ್ತದೆ, ಫೈಬ್ರೊಬ್ಲಾಸ್ಟ್ ಕೊಲಾಜೆನ್ ಎಂಬ ಪ್ರೋಟೀನಿನ ಎಳೆ ನೇಯಲು ಕೂರುತ್ತದೆ. ಫೈಬ್ರೊಬ್ಲಾಸ್ಟ್‌ಗಳಲ್ಲಿ ಕೆಲವು ಸ್ನಾಯುವಿನ ಗುಣ ಪಡೆದು ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ. ದೊಡ್ಡ ಗಾಯ ದಿನಕಳೆದಂತೆ ಚಿಕ್ಕದಾಗಿ ಕಾಣುವುದು ಈ ಎಳೆತದಿಂದಲೂ ಹೌದು.

ಮಂಡಿ ತರಚಿದ ಮಗುವಿನ ಗಾಯವನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಅಂಚಿನಲ್ಲಿ ತೆಳು ಗುಲಾಬಿ ಬಣ್ಣದ, ಸ್ವಲ್ಪ ಹೊಳೆಯುವ ಕಿರಿದಾದ ಪಟ್ಟಿ ಕಾಣುತ್ತದೆ. ಅದು ತೆವಳಿ ಬರುತ್ತಿರುವ ಹೊಸ ಚರ್ಮ. ಗಾಯ ಆಳವಿಲ್ಲದಿದ್ದರೆ ಅಂಚಿನಿಂದ ದೂರ, ನಟ್ಟನಡುವೆ ಕೂಡ ಅದೇ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಎದ್ದಿರುತ್ತವೆ. ಅಲ್ಲಿ ಕೂದಲಿನ ಬುಡ ಉಳಿದುಕೊಂಡಿದೆ. ಬುಡದ ಕಾಂಡಕೋಶಗಳಿಂದ ಹುಟ್ಟಿದ ಕೋಶಗಳು ಮೇಲೆ ಬಂದು ಸುತ್ತ ಹರಡುತ್ತಿವೆ. ತರಚು ಗಾಯ ಬೇಗ ಮಾಯುವುದಕ್ಕೂ, ಕೂದಲಿನ ಬುಡದವರೆಗೆ ಸುಟ್ಟ ಗಾಯ ಅಂಚಿನಿಂದಷ್ಟೇ ಮುಚ್ಚಿಕೊಳ್ಳುತ್ತ ವಾರಗಟ್ಟಲೆ ಎಳೆಯುವುದಕ್ಕೂ ಇದೇ ಕಾರಣ.

ಇನ್ನು ತೇವದ ಮಾತು. ಸೈಟೊಕೈನ್‌ಗಳು ಓಡಾಡುವುದು ಗಾಯದಿಂದ ಜಿನುಗುವ ತಿಳಿ ನೀರಿನಲ್ಲಿ. ಅದು ಒಣಗಿ ಗಟ್ಟಿ ಹಕ್ಕಳೆಯಾದರೆ ಅಂಚಿನ ಕೋಶಗಳು ನೇರ ದಾರಿಯಲ್ಲಿ ಸಾಗಲಾರವು. ಒಣಗಿದ ಪದರದ ಕೆಳಗಿಳಿದು, ಕೊಲಾಜೆನನ್ನು ಕತ್ತರಿಸುವ ಕಿಣ್ವ ಬಿಟ್ಟು ದಾರಿ ಕೊರೆದುಕೊಂಡೇ ಹೋಗಬೇಕು. ತೇವವಿದ್ದರೆ ಮೇಲ್ಮೈಯಲ್ಲೇ ಸರಾಗವಾಗಿ ಜಾರುತ್ತವೆ. ವಿಂಟರ್ ಕಂಡ ವ್ಯತ್ಯಾಸದ ಗುಟ್ಟು ಇದೇ.

ಸಣ್ಣ ಗಾಯಕ್ಕೆ ಮನೆಯಲ್ಲಿ ಮಾಡಬೇಕಾದ್ದು

1. ಒತ್ತಿ ಹಿಡಿಯಿರಿ. ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ. ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಆಗತಾನೇ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. ಕಾಫಿ ಪುಡಿ ಮೆತ್ತಿದಾಗ ರಕ್ತ ನಿಂತಂತೆ ಕಾಣುವುದು ನಿಜ. ಆದರೆ ಆ ಪುಡಿಯ ಕಣಗಳು ಗಾಯದೊಳಗೇ ಉಳಿಯುತ್ತವೆ. ಅವನ್ನು ಹೊರಹಾಕಲು ಮ್ಯಾಕ್ರೊಫೇಜ್‌ಗಳು ಹೆಣಗುತ್ತಿರುವಷ್ಟು ದಿನವೂ ಉರಿಯೂತ ಮುಂದುವರಿಯುತ್ತದೆ. ಸುಣ್ಣ ಹಚ್ಚಿದರಂತೂ ಬದುಕಿದ್ದ ಕೋಶಗಳೂ ಸುಡುತ್ತವೆ.

2. ನೀರಿನಿಂದ ಚೆನ್ನಾಗಿ ತೊಳೆಯಿರಿ. ಕುಡಿಯಲು ಯೋಗ್ಯವಾದ ಹರಿಯುವ ನೀರು ಸಾಕು. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಬಹುದು. ಬೈಕಿನಿಂದ ಬಿದ್ದ ಗಾಯದಲ್ಲಿ ಮರಳು, ಜಲ್ಲಿಯ ಚೂರು ಉಳಿಯದಂತೆ ನೋಡಿಕೊಳ್ಳಿ. ಕೊಳೆ ಉಳಿದರೆ ರೋಗಾಣುಗಳೂ ಉಳಿಯುತ್ತವೆ, ಅವು ಇರುವವರೆಗೆ ಟಿಎನ್‌ಎಫ್ ಇಳಿಯುವುದಿಲ್ಲ. ಆಳಕ್ಕೆ ಕೂತ ಚೂರುಗಳನ್ನು ವೈದ್ಯರೇ ತೆಗೆಯಲಿ.

3. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ. ಬುಸ್ಸೆಂದು ನೊರೆ ಬಂದಾಗ ಕೊಳೆ ಹೋಯಿತೆಂದು ಸಮಾಧಾನವಾಗುತ್ತದೆ. ಆದರೆ ರೋಗಾಣುವಿನ ಜೊತೆಗೆ ಕೆರಟಿನೊಸೈಟ್, ಫೈಬ್ರೊಬ್ಲಾಸ್ಟ್‌ಗಳೂ ಸಾಯುತ್ತವೆ. ಕೊಳಕಾದ ಗಾಯಕ್ಕೆ ಮೊದಲ ದಿನ ಪೊವಿಡೋನ್ ಅಯೋಡಿನ್ ಬಳಸಿದರೆ ತಪ್ಪಿಲ್ಲ. ಹೊಸ ಚರ್ಮ ಹಬ್ಬುತ್ತಿರುವ ಚೊಕ್ಕ ಗಾಯಕ್ಕೆ ದಿನಾ ಹಚ್ಚುವ ಅಗತ್ಯವಿಲ್ಲ.

4. ತೇವದ ಹದ ಕಾಯ್ದುಕೊಳ್ಳಿ. ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟಿಕೊಳ್ಳದ ಡ್ರೆಸ್ಸಿಂಗ್ ಅಥವಾ ಬ್ಯಾಂಡೇಜ್ ಹಾಕಿ. ಹೊಸ ಟ್ಯೂಬ್ ಅಥವಾ ಕೈ ಅದ್ದದ ಡಬ್ಬಿ ಇರಲಿ. ದಿನಕ್ಕೊಮ್ಮೆ, ಇಲ್ಲವೇ ನೆನೆದಾಗ, ಕೊಳೆಯಾದಾಗ ಬದಲಿಸಿ. ಬರೀ ಹತ್ತಿ ಇಡಬೇಡಿ, ಅದರ ಎಳೆ ಗಾಯಕ್ಕೆ ಕಚ್ಚಿಕೊಳ್ಳುತ್ತದೆ. ಗಾಜ್ ಬಟ್ಟೆ ಅಂಟಿದ್ದರೆ ನೀರು ಹಾಕಿ ನೆನೆಸಿ ಬಿಡಿಸಿ. ಒಣಗಿದ್ದನ್ನು ಎಳೆದರೆ ರಾತ್ರಿಯೆಲ್ಲ ತೆವಳಿದ ಕೋಶಗಳ ಪದರವೇ ಅದರ ಜೊತೆ ಬಂದುಬಿಡುತ್ತದೆ. ತೇವ ಅತಿಯಾದರೂ ಕಷ್ಟ. ಅಂಚಿನ ಚರ್ಮ ಬಟ್ಟೆ ಒಗೆದ ಕೈಯಂತೆ ಬೆಳ್ಳಗೆ ಸುಕ್ಕುಗಟ್ಟಿದ್ದರೆ ಡ್ರೆಸ್ಸಿಂಗನ್ನು ಇನ್ನೂ ಬೇಗ ಬದಲಿಸಬೇಕೆಂದು ಅರ್ಥ.

5. ಸುಟ್ಟ ಗಾಯಕ್ಕೆ ತಕ್ಷಣ 20 ನಿಮಿಷ ಹರಿಯುವ ತಣ್ಣೀರು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಇಂಕು ಬೇಡ. ಉಂಗುರ, ಬಳೆಗಳನ್ನು ಊದುವ ಮೊದಲೇ ತೆಗೆಯಿರಿ. ಎದ್ದ ಗುಳ್ಳೆಯನ್ನು ಒಡೆಯಬೇಡಿ. ಅದರ ಮೇಲಿನ ಚರ್ಮಕ್ಕಿಂತ ಒಳ್ಳೆಯ ಮುಚ್ಚಳಿಕೆ ಅಂಗಡಿಯಲ್ಲಿ ಸಿಗುವುದಿಲ್ಲ.

6. ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದು ನೆನಪಿಸಿಕೊಳ್ಳಿ. ಹತ್ತು ವರ್ಷ ಕಳೆದಿದ್ದರೆ, ಅಥವಾ ಗಾಯಕ್ಕೆ ಮಣ್ಣು, ಗೊಬ್ಬರ, ತುಕ್ಕು ತಾಗಿದ್ದು ಲಸಿಕೆ ಹಾಕಿಸಿ ಐದು ವರ್ಷವಾಗಿದ್ದರೆ ವೈದ್ಯರನ್ನು ಕೇಳಿ.

ನಾಯಿ, ಬೆಕ್ಕು, ಕೋತಿ ಕಚ್ಚಿದ ಗಾಯಕ್ಕೆ ಮೇಲಿನ ಯಾವ ಕ್ರಮವೂ ಸಾಲದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕಟ್ಟದೆ, ಮನೆಮದ್ದು ಏನೂ ಹಚ್ಚದೆ, ಅದೇ ದಿನ ರೇಬಿಸ್ ಲಸಿಕೆಗೆ ಆಸ್ಪತ್ರೆಗೆ ಹೋಗಿ. ಗೀರಿದ್ದಷ್ಟೇ ಎಂದು ಸುಮ್ಮನಾಗಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಹಳದಿ ಪದರವನ್ನು ಉಜ್ಜಿ ತೆಗೆಯುವುದು.* ಮೂರು ನಾಲ್ಕನೇ ದಿನ ಗಾಯದ ಮೇಲೆ ತೆಳು ಹಳದಿ ಲೇಪ ಕಂಡರೆ ಕೀವು ಎಂದುಕೊಂಡು ದಿನಾ ಉಜ್ಜುವವರಿದ್ದಾರೆ. ವಾಸನೆಯಿಲ್ಲ, ನೋವು ಹೆಚ್ಚಿಲ್ಲ, ಸುತ್ತಲಿನ ಕೆಂಪು ಹರಡಿಲ್ಲ ಎಂದಾದರೆ ಅದು ಬಹುಪಾಲು ಫೈಬ್ರಿನ್, ಹೊಸ ಕೋಶಗಳು ತೆವಳುವ ಹಾಸು. ಹಾಗೆಯೇ, ಮುಟ್ಟಿದರೆ ರಕ್ತ ಜಿನುಗುವ ಕೆಂಪು, ಹರಳುಹರಳಾದ ಮಾಂಸ ಕೆಟ್ಟದ್ದಲ್ಲ. ಹೊಸ ರಕ್ತನಾಳ ತುಂಬಿದ ಅಂಗಾಂಶ ಇರುವುದೇ ಹಾಗೆ.

*ಸ್ಟೀರಾಯ್ಡ್ ಬೆರೆತ ಟ್ಯೂಬ್.* ಇದು ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕದ ವಿಷಯ. ತುರಿಕೆ, ಹುಳುಕಡ್ಡಿಗೆಂದು ಮನೆಯಲ್ಲಿರುವ ಹಲವು ಕ್ರೀಮುಗಳಲ್ಲಿ ಬೀಟಾಮೆಥಸೋನ್, ಕ್ಲೋಬೆಟಸೋಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಒಂದೇ ದಿನದಲ್ಲಿ ಕೆಂಪು, ಊತ ಇಳಿಯುವುದರಿಂದ ಗುಣವಾಯಿತೆಂದು ಅನ್ನಿಸುತ್ತದೆ. ಇಳಿದದ್ದು ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಸೂಚನೆಗಳು. ರೋಗಾಣುಗಳನ್ನು ತಡೆಯುವವರು ಬರುವುದಿಲ್ಲ, ಕೊಲಾಜೆನ್ ನೇಯ್ಗೆ ಕುಂಠಿತವಾಗುತ್ತದೆ, ಚರ್ಮ ತೆಳ್ಳಗಾಗುತ್ತದೆ. ಟ್ಯೂಬಿನ ಹಿಂದೆ ಬರೆದ ಔಷಧಿಗಳ ಹೆಸರು ಓದದೆ ಹಸಿ ಗಾಯಕ್ಕೆ ಯಾವುದನ್ನೂ ಹಚ್ಚಬೇಡಿ. ಬೇರೆ ಕಾಯಿಲೆಗೆ ವೈದ್ಯರೇ ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಗಾಯಕ್ಕಾಗಿ ಅದನ್ನು ತಟ್ಟನೆ ನಿಲ್ಲಿಸುವುದೂ ಅಪಾಯ. ಅವರಿಗೆ ತಿಳಿಸಿ.

*ಅಡುಗೆಮನೆಯ ಅರಿಸಿನ.* ಅರಿಸಿನದ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಉರಿಯೂತದ ಸೂಚನೆಗಳನ್ನು ತಗ್ಗಿಸುವುದು ನಿಜ. ಆದರೆ ಡಬ್ಬಿಯ ಪುಡಿ ರೋಗಾಣುಮುಕ್ತವಲ್ಲ, ಕೆಲವೊಮ್ಮೆ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಕಲಬೆರಕೆಯಾಗಿರುತ್ತದೆ, ಜೊತೆಗೆ ಗಾಯದ ನಿಜವಾದ ಬಣ್ಣವನ್ನು ಮರೆಮಾಡುತ್ತದೆ. ಸಾರಿಗೆ ಹಾಕಿಕೊಳ್ಳಿ, ತೆರೆದ ಗಾಯಕ್ಕೆ ಬೇಡ.

*ಹಕ್ಕಳೆ ಕೀಳುವುದು.* ಮಾಯುವ ಹೊತ್ತಿಗೆ ತುರಿಕೆ ಸಹಜ. ಕಿತ್ತಾಗ ಕೆಳಗಿನ ಕೋಶಗಳು ಒಡೆದು, ಇಂಟರ್‌ಲ್ಯೂಕಿನ್-1 ಮತ್ತೆ ಚೆಲ್ಲಿ, ಉರಿಯೂತ ಮೊದಲಿನಿಂದ ಶುರು. ಜೆಲ್ಲಿ ಹಚ್ಚಿ ಮೆತ್ತಗಾಗಿಸಿ, ತಾನಾಗಿ ಉದುರಲಿ.

*‘ನಂಜು’ ಎಂದು ಊಟ ಬಿಡುವುದು.* ಗಾಯವಾದವರಿಗೆ ಬೇಳೆ, ಮೊಟ್ಟೆ, ಮೀನು, ಬದನೆಕಾಯಿ ಕೊಡಬಾರದೆಂಬ ಪಥ್ಯ ನಮ್ಮಲ್ಲಿ ಹಲವು ಮನೆಗಳಲ್ಲಿದೆ. ಸೈಟೊಕೈನ್ ಪ್ರೋಟೀನು, ಕೊಲಾಜೆನ್ ಪ್ರೋಟೀನು, ಹೊಸ ಕೋಶಕ್ಕೆ ಬೇಕಾದ್ದೂ ಪ್ರೋಟೀನು. ಕೊಲಾಜೆನ್ ಎಳೆ ಗಟ್ಟಿಯಾಗಲು ಸಿ ಜೀವಸತ್ವ ಬೇಕೇ ಬೇಕು. ಅಲರ್ಜಿ ಇಲ್ಲದವರು ಬೇಳೆ, ಕಾಳು, ಮೊಟ್ಟೆ, ಮೀನು, ಹಾಲು ಧಾರಾಳವಾಗಿ ತಿನ್ನಲಿ, ಜೊತೆಗೆ ಸೀಬೆ, ನೆಲ್ಲಿಕಾಯಿ ಇರಲಿ. ಬರೀ ಗಂಜಿಯಲ್ಲಿ ವಯಸ್ಸಾದವರ ಗಾಯ ಮಾಯುವುದು ಕಷ್ಟ.

ನಿದ್ದೆ, ಚಿಂತೆ, ಬೀಡಿ

1995ರಲ್ಲಿ ಅಮೆರಿಕದ ಓಹಾಯೊದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆಗುಳಿ ಕಾಯಿಲೆಯ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನಲ್ಲಿ 3.5 ಮಿಲಿಮೀಟರ್ ಅಗಲದ ಚಿಕ್ಕ ಗಾಯ ಮಾಡಿ ಗಮನಿಸಿದರು. ಅಂಥ ಹೊಣೆ ಇಲ್ಲದ ಅದೇ ವಯಸ್ಸಿನವರಿಗಿಂತ ಇವರ ಗಾಯ ಮಾಯಲು ಸುಮಾರು 9 ದಿನ ಹೆಚ್ಚು ಹಿಡಿಯಿತು. ಇವರ ರಕ್ತಕಣಗಳು ಇಂಟರ್‌ಲ್ಯೂಕಿನ್-1 ತಯಾರಿಸುವುದರಲ್ಲೂ ಹಿಂದಿದ್ದವು. ಹಾಸಿಗೆ ಹಿಡಿದ ಅತ್ತೆ ಮಾವಂದಿರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ನಮ್ಮ ಹೆಣ್ಣುಮಕ್ಕಳ ಕೈಯ ಬಿರುಕು, ಸುಟ್ಟಗಾಯ ಬೇಗ ವಾಸಿಯಾಗದಿದ್ದರೆ ‘ನಿನ್ನ ಮೈಯೇ ಹಾಗೆ’ ಎನ್ನುವ ಬದಲು ಮನೆಯ ಉಳಿದವರು ಒಂದಷ್ಟು ರಾತ್ರಿ ಸರದಿ ವಹಿಸಿಕೊಳ್ಳಲಿ. ಇದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಿ.

ಬೀಡಿ, ಸಿಗರೇಟಿನ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ. ಕೋಶಗಳಿಗೆ ಸೂಚನೆ ಸಿಕ್ಕರೂ ಕೆಲಸ ಮಾಡಲು ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ಗಾಯ ಮಾಯುವವರೆಗಾದರೂ ಬಿಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಬೇರೆಯದೇ ನಿಯಮ

ಶುಗರ್ ಹೆಚ್ಚಿರುವವರ ಗಾಯದಲ್ಲಿ ಮ್ಯಾಕ್ರೊಫೇಜ್‌ಗಳು ಜಗಳದ ಹಂತದಿಂದ ದುರಸ್ತಿಯ ಹಂತಕ್ಕೆ ಸರಿಯಾಗಿ ದಾಟುವುದಿಲ್ಲ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ವಾರಗಟ್ಟಲೆ ಮೇಲೆಯೇ ಇರುತ್ತವೆ. ಅವುಗಳ ಪ್ರಚೋದನೆಯಿಂದ ಪ್ರೋಟೀನು ಕತ್ತರಿಸುವ ಕಿಣ್ವಗಳು ಅತಿಯಾಗಿ, ಕೊಲಾಜೆನ್ ಜೊತೆಗೆ ಪಿಡಿಜಿಎಫ್‌ನಂಥ ಬೆಳವಣಿಗೆಯ ಸೂಚನೆಗಳನ್ನೂ ಕತ್ತರಿಸಿಹಾಕುತ್ತವೆ. ಅಂಚಿನ ಕೆರಟಿನೊಸೈಟ್‌ಗಳು ಒಡೆದು ಹೆಚ್ಚಿ ದಪ್ಪಗಟ್ಟುತ್ತವೆ, ಮುಂದೆ ಮಾತ್ರ ತೆವಳುವುದಿಲ್ಲ. ಪಾದದ ಹುಣ್ಣಿನ ಸುತ್ತ ಕಾಣುವ ಗಡುಸು, ದಪ್ಪ ಅಂಚಿನಲ್ಲಿ ಇದೂ ಸೇರಿರುತ್ತದೆ.

ಕೊರತೆಯಾದ ಸೂಚನೆಯನ್ನು ಹೊರಗಿನಿಂದಲೇ ಕೊಡೋಣವೆಂದು ಪಿಡಿಜಿಎಫ್ ಜೆಲ್ ತಯಾರಿಸಲಾಯಿತು. ಪಾದದ ಹುಣ್ಣಿಗೆ ಅದನ್ನು ಬಳಸಲು ಅಮೆರಿಕದಲ್ಲಿ 1997ರಲ್ಲಿ ಅನುಮತಿ ಸಿಕ್ಕಿತು. ಇಜಿಎಫ್ ಜೆಲ್ ನಮ್ಮಲ್ಲೂ ವೈದ್ಯರ ಚೀಟಿಯ ಮೇಲೆ ಸಿಗುತ್ತದೆ. ಇವು ಕೆಲವರಿಗೆ ಖಂಡಿತ ಉಪಯೋಗ. ಆದರೆ ಸತ್ತ ಚರ್ಮ ತೆಗೆಯದೆ, ಸೋಂಕು ಹತೋಟಿಗೆ ತರದೆ, ಅದೇ ಪಾದದ ಮೇಲೆ ಭಾರ ಹಾಕಿ ನಡೆಯುತ್ತಿದ್ದರೆ ದುಬಾರಿ ಜೆಲ್ ಸಹ ಆ ಕಿಣ್ವಗಳ ಪಾಲು. ಜೆಲ್‌ಗಿಂತ ಭಾರ ತಪ್ಪಿಸುವ ಪಾದರಕ್ಷೆ ಅಥವಾ ಪ್ಲಾಸ್ಟರ್ ಮುಖ್ಯ ಎಂದು ಧೈರ್ಯವಾಗಿ ಹೇಳಬಲ್ಲೆ.

ಸಕ್ಕರೆ ಕಾಯಿಲೆ ಇರುವ ಹಲವರಿಗೆ ಪಾದದ ನರಗಳು ಮರಗಟ್ಟಿರುವುದರಿಂದ ನೋವೇ ಗೊತ್ತಾಗದು. ಚಪ್ಪಲಿ ಕಚ್ಚಿದ್ದು, ಬಿಸಿನೀರು ಸುಟ್ಟದ್ದು, ರಾತ್ರಿ ಇಲಿ ಕಡಿದದ್ದು ಕೂಡ ಬೆಳಿಗ್ಗೆ ರಕ್ತ ಕಂಡ ಮೇಲೆಯೇ ತಿಳಿದ ಉದಾಹರಣೆಗಳಿವೆ. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಿ, ಬಗ್ಗಲು ಆಗದಿದ್ದರೆ ಕನ್ನಡಿ ಹಿಡಿಯಿರಿ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ. ಪಾದವನ್ನು ಬಿಸಿನೀರಿನಲ್ಲಿ ಅದ್ದಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಪಾದದಲ್ಲಿ ಎಷ್ಟೇ ಚಿಕ್ಕ ಗಾಯವಾದರೂ ಮನೆಮದ್ದಿಗೆ ಕಾಯದೆ ಅಂದೋ ಮರುದಿನವೋ ತೋರಿಸಿ.

ಕಲೆ ಉಳಿಯದಿರಲು

ಗಾಯ ಮುಚ್ಚಿದ ಮೇಲೂ ಒಳಗೆ ಕೊಲಾಜೆನ್ ಜೋಡಣೆ ಒಂದು ವರ್ಷದಷ್ಟು ನಡೆಯುತ್ತದೆ. ಮೂರು ವಾರಕ್ಕೆ ಆ ಜಾಗದ ಬಲ ಮೊದಲಿನ ಚರ್ಮದ ಐದನೇ ಒಂದು ಭಾಗ ಮಾತ್ರ. ತಿಂಗಳುಗಳ ನಂತರ ಹೆಚ್ಚೆಂದರೆ ಶೇಕಡಾ 80. ಹೊಲಿಗೆ ಬಿಚ್ಚಿದ ವಾರವೇ ಮೂಟೆ ಎತ್ತಬೇಡಿ ಎನ್ನುವುದು ಇದಕ್ಕೇ. ಟಿಜಿಎಫ್-ಬೀಟಾ ಸಕಾಲಕ್ಕೆ ತಗ್ಗದೆ ಉಳಿದರೆ ಕೊಲಾಜೆನ್ ಮಿತಿಮೀರಿ ಕಲೆ ಉಬ್ಬುತ್ತದೆ. ಎದೆ, ಭುಜ, ಕಿವಿಯ ಹಾಲೆಯಲ್ಲಿ ಗಾಯದ ಗಡಿ ದಾಟಿ ಬೆಳೆಯುವ ಕೀಲಾಯ್ಡ್ ಬರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಹಾಗಾಗಿದ್ದರೆ ಕಿವಿಯನ್ನು ಹೆಚ್ಚುವರಿಯಾಗಿ ಚುಚ್ಚಿಸುವ ಮುನ್ನ ಯೋಚಿಸಿ. ಉಬ್ಬುವ ಲಕ್ಷಣ ಕಂಡರೆ, ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಹಾಳೆ ಅಥವಾ ಜೆಲ್ಲನ್ನು ದಿನದ ಹೆಚ್ಚಿನ ಹೊತ್ತು, ಎರಡು ಮೂರು ತಿಂಗಳು ಬಳಸಬೇಕು. ಹೊಸ ಚರ್ಮಕ್ಕೆ ಬಿಸಿಲು ತಾಗಿದರೆ ಕಪ್ಪಾಗುತ್ತದೆ, ಮುಚ್ಚಿಡಿ ಅಥವಾ ಸನ್‌ಸ್ಕ್ರೀನ್ ಹಚ್ಚಿ. ನಿಂಬೆರಸ ಉಜ್ಜಬೇಡಿ.

ವೈದ್ಯರ ಬಳಿ ಯಾವಾಗ, ಏನು ಹೇಳಬೇಕು

ಅಂಚು ಬಾಯಿ ಬಿಟ್ಟಿರುವ ಅಥವಾ ಆಳವಾದ ಗಾಯ, ಒತ್ತಿದರೂ ನಿಲ್ಲದ ರಕ್ತ, ಮುಖ, ಕೈ, ಗುಪ್ತಾಂಗದ ಸುಟ್ಟ ಗಾಯ ಇವುಗಳಿಗೆ ತಡ ಮಾಡಬೇಡಿ. ಹೊಲಿಗೆ ಬೇಕಾದರೆ ಕೆಲವೇ ಗಂಟೆಗಳೊಳಗೆ ಹಾಕುವುದು ಒಳ್ಳೆಯದು. ಮೂರನೇ ದಿನದ ನಂತರ ನೋವು ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಕೀವು, ದುರ್ವಾಸನೆ, ಜ್ವರ, ಅಥವಾ ಗಾಯದಿಂದ ಮೇಲಕ್ಕೆ ಹರಿಯುವ ಕೆಂಪು ಗೆರೆ ಕಂಡರೆ ಅದೇ ದಿನ ಹೋಗಿ. ಎರಡು ವಾರದಲ್ಲಿ ಗಾಯ ಸ್ವಲ್ಪವೂ ಕುಗ್ಗದಿದ್ದರೆ, ನಾಲ್ಕು ವಾರದಲ್ಲಿ ಮುಚ್ಚದಿದ್ದರೆ ಕಾರಣ ಹುಡುಕಲೇಬೇಕು. ಬಹುಕಾಲದ ಹುಣ್ಣು ಅಪರೂಪಕ್ಕೆ ಕ್ಯಾನ್ಸರ್ ಆಗಿರುವುದೂ ಉಂಟು.

ಹೋಗುವಾಗ ಎರಡು ಮೂರು ದಿನಕ್ಕೊಮ್ಮೆ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಒಯ್ಯಿರಿ. ಗಾಯ ಯಾವುದರಿಂದ, ಯಾವಾಗ ಆಯಿತು, ಏನೇನು ಹಚ್ಚಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ, ಹಚ್ಚಿದ ಟ್ಯೂಬನ್ನೂ ಚೀಲದಲ್ಲಿಟ್ಟುಕೊಳ್ಳಿ. ಸ್ಟೀರಾಯ್ಡ್, ಕೀಲುವಾತ ಅಥವಾ ಸೋರಿಯಾಸಿಸ್‌ಗೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್, ಕ್ಯಾನ್ಸರ್ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ ಮಾತಿನಲ್ಲೇ ತಿಳಿಸಿ. ಇತ್ತೀಚಿನ ಶುಗರ್ ವರದಿ ಇದ್ದರೆ ಜೊತೆಗಿರಲಿ.